ಆರು ಆಲೂಗಡ್ಡೆ ಕಡಿಮೆ

ಯಾನಿನಾ ಆಲೂಗಡ್ಡೆಯ ಸಿಪ್ಪೆಯನ್ನು ದಪ್ಪಗೆ ಹೆರೆಯುತ್ತಿದ್ದಳು. ಅತ್ತೆ ಸ್ತೆಫಾ ಇದನ್ನು ಮದುವೆಯಾದ ವಾರದಲ್ಲೇ ಕಂಡುಹಿಡಿದಿದ್ದಳು. ನಿನ್ನ ಸಿಪ್ಪೆ ತಿಂದು ಹಂದಿ ಉಬ್ಬಿತು, ನನ್ನ ಮಗ ಬಡಕಲಾದ ಎಂದು ಏಳು ವರ್ಷದಿಂದ ತಪ್ಪದೆ ಹೇಳುತ್ತಲೇ ಬಂದಿದ್ದಳು. ಸೊಸೆಗೂ ಅದು ರೂಢಿಯಾಗಿತ್ತು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದಳು.

ಆ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಮಿನ್ಸ್ಕ್‌ನಿಂದ ನಾದಿನಿಯ ಸಂಸಾರ ಬರುವುದಿತ್ತು. ಎಂಟು ಜನಕ್ಕೆ ಆಲೂಗಡ್ಡೆ ಬೇಯಿಸಿ, ಕಡೆಗೋಲಿನಂಥ ಮರದ ಒನಕೆಯಲ್ಲಿ ಕುಟ್ಟಿ, ಬಿಸಿ ಹಾಲು ಬೆಣ್ಣೆ ಹಾಕಿ ನುಣ್ಣಗೆ ಮಾಡಬೇಕು. ಯಾನಿನಾ ಚಾಕುವಿನ ಮೊನೆಯಿಂದ ಒಂದೊಂದೇ ಕಣ್ಣು ಕಿತ್ತು, ಎಲ್ಲವನ್ನೂ ಒಂದೇ ಗಾತ್ರಕ್ಕೆ ಹೆಚ್ಚಿ, ಕಪ್ಪಾಗದಂತೆ ತಣ್ಣೀರಿಗೆ ಹಾಕುತ್ತಿದ್ದಳು. ಒಂದು ಹೋಳು ದಪ್ಪಗಿದ್ದರೂ ಅದು ಬೇಯದೆ ಗಂಟಾಗುತ್ತದೆ, ಆ ಗಂಟು ಸರಿಯಾಗಿ ನಾದಿನಿಯ ತಟ್ಟೆಗೇ ಹೋಗಿ ಬೀಳುತ್ತದೆ. ಅಡುಗೆಮನೆಯ ಚೀಲ ಖಾಲಿಯಾದಾಗ ಇನ್ನೂ ಆರು ಗೆಡ್ಡೆ ಬೇಕಾಗಿತ್ತು.

ಗಂಡ ಲ್ಯಾವೋನ್ ಕಂದೀಲು ಹಚ್ಚಿಕೊಂಡು ಅಂಗಳದ ಹಗೇವಿಗೆ ಹೋದ. ಚಳಿಗಾಲದಿಂದ ಆಲೂಗಡ್ಡೆ ತುಂಬಿಟ್ಟ ಆ ಗುಂಡಿಯ ಬಾಗಿಲನ್ನು ಮೂರು ವಾರದಿಂದ ಯಾರೂ ತೆಗೆದಿರಲಿಲ್ಲ.

ಒಲೆಯ ಮೇಲೆ ನೀರು ಕುದಿಯತೊಡಗಿದರೂ ಅವನ ಸುಳಿವಿಲ್ಲ. ಬೇಲಿಯ ಹತ್ತಿರ ಪಕ್ಕದ ಮನೆಯ ಕಾಜಿಕನ ಜೊತೆ ಬೀಡುಬಿಟ್ಟಿರಬೇಕು ಎಂದು ಗೊಣಗುತ್ತಾ ಯಾನಿನಾ ಹೊರಗೆ ಬಂದಳು. ಕಾಜಿಕ್ ಬೇಲಿಯಾಚೆ ಒಬ್ಬನೇ ಸೌದೆ ಒಡೆಯುತ್ತಿದ್ದ. ಅವಳು ಹಗೇವಿನ ಕಡೆ ಓಡಿದಳು.

ಹಗೇವಿನ ಬಾಗಿಲು ತೆರೆದೇ ಇತ್ತು. ಕೊಳೆತ ಆಲೂಗಡ್ಡೆಯ ನಾತ ಮುಖಕ್ಕೆ ಬಡಿಯಿತು. ಬಗ್ಗಿ ನೋಡಿದಳು. ಏಣಿಯ ಮೂರನೇ ಮೆಟ್ಟಿಲಿಗೆ ತೂಗುಹಾಕಿದ್ದ ಕಂದೀಲು ಆರಿತ್ತು. ಕೆಳಗೆ ಗಂಡನ ಬೂಟಿನ ಎರಡು ಅಡಿಗಳು ಕಂಡವು. ಕೂಗಿದಳು, ಮತ್ತೆ ಕೂಗಿದಳು. ಅವು ಅಲುಗಲಿಲ್ಲ.

ಏಣಿಯ ಮೇಲೆ ಒಂದು ಕಾಲಿಟ್ಟಿದ್ದಳಷ್ಟೆ. ಹಿಂದಿನಿಂದ ಯಾರೋ ಅವಳ ಲಂಗದ ಪಟ್ಟಿಗೆ ಕೈಹಾಕಿ ಎಳೆದು ನೆಲಕ್ಕೆ ಕೆಡವಿದರು. ತಿರುಗಿ ನೋಡಿದರೆ ಅತ್ತೆ.

"ಬಿಡು ಅತ್ತೆ, ಅವನು ಸಾಯ್ತಿದಾನೆ."

"ದೀಪ ಆರಿದೆ ನೋಡು, ಕೊಳೆತ ಗೆಡ್ಡೆಯ ವಿಷಗಾಳಿ ತುಂಬಿದೆ. ದೀಪ ಉಳೀದಿರೋ ಕಡೆ ಮನುಷ್ಯ ಉಳೀತಾನಾ? ಇಳಿದ್ರೆ ನೀನೂ ಅವನ ಮೇಲೇ ಬೀಳ್ತೀಯ."

ಯಾನಿನಾ ಕೊಸರಾಡಿದಳು, ಪರಚಿದಳು, ಕೊನೆಗೆ ಅತ್ತೆಯ ಮಣಿಕಟ್ಟನ್ನು ರಕ್ತ ಬರುವ ಹಾಗೆ ಕಚ್ಚಿದಳು. ಹೆತ್ತ ಮಗ ಕಣ್ಣೆದುರು ಸಾಯುತ್ತಿದ್ದರೂ ಕಲ್ಲಿನಂತೆ ನಿಂತಿದ್ದೀಯಲ್ಲ, ನೀನೂ ಒಬ್ಬ ತಾಯಿಯಾ ಎಂದು ಬಾಯಿಗೆ ಬಂದಂತೆ ಬೈದಳು. ಎಪ್ಪತ್ತು ದಾಟಿದ ಆ ಕೈಗಳಲ್ಲಿ ಅಷ್ಟು ಬಲ ಎಲ್ಲಿತ್ತೋ, ಹಿಡಿತ ಮಾತ್ರ ಸಡಿಲವಾಗಲಿಲ್ಲ. ಸ್ತೆಫಾ ಬೇಲಿಯ ಕಡೆ ತಿರುಗಿ, ಬಾವಿಗೆ ಬಿದ್ದ ಬಕೆಟ್ಟು ತೆಗೆಯುವ ಪಾತಾಳಗರಡಿ ತಾ, ಓಡು ಎಂದು ಕಾಜಿಕನಿಗೆ ಕೂಗಿ ಹೇಳಿದಳು.

ಕಾಜಿಕ್ ಹಗ್ಗ, ಕೊಕ್ಕೆ ಹೊತ್ತು ಓಡಿ ಬಂದ. ಕೆಳಗೆ ನೋಡಿದ್ದೇ ಅಂಗಿ ಬಿಚ್ಚತೊಡಗಿದ. ಉಸಿರು ಬಿಗಿಹಿಡಿದು ಒಂದೇ ಏಟಿಗೆ ಎತ್ತಿಕೊಂಡು ಬರುತ್ತೇನೆ ಎಂದ.

"ನಮ್ಮಪ್ಪನೂ ಹಿಂಗೇ ಅಂದಿದ್ದ ಕಣೋ," ಎಂದಳು ಸ್ತೆಫಾ. ಅವಳ ದನಿ ಏರಲೇ ಇಲ್ಲ. "ಆಲೂಗಡ್ಡೆ ತರೋಕೆ ಅಜ್ಜ ಇಳಿದ, ಅವನನ್ನ ಎತ್ತೋಕೆ ಅಪ್ಪ ಇಳಿದ. ಅಪ್ಪನ ಹಿಂದೆ ಅಮ್ಮ. ನಂಗೆ ಕಾಲು ಏಣಿಗೆ ಎಟುಕಲಿಲ್ಲ, ಅದಕ್ಕೆ ಉಳ್ಕೊಂಡೆ. ಕೊಕ್ಕೆ ಹಾಕು."

ಆ ಮನೆಯಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ. ಯಾನಿನಾ ಕೊಸರಾಡುವುದನ್ನು ನಿಲ್ಲಿಸಿದಳು. ಈಗ ಅವಳಿಗೆ ಇನ್ನೂ ಹೆಚ್ಚು ಭಯವಾಯಿತು, ಏಕೆಂದರೆ ಅತ್ತೆ ಹೇಳುತ್ತಿರುವುದು ನಿಜವೆಂದು ಗೊತ್ತಾಗಿತ್ತು.

ಕಾಜಿಕ್ ಬಾಗಿಲ ಬಳಿ ಮಂಡಿಯೂರಿ, ಮುಖ ಹೊರಗಿಟ್ಟುಕೊಂಡು ಪಾತಾಳಗರಡಿ ಇಳಿಬಿಟ್ಟ. ಮೊದಲ ಸಲ ಅದು ಕೊಳೆತ ರಾಶಿಗೆ ಸಿಕ್ಕಿತು. ಎರಡನೇ ಸಲ ಲ್ಯಾವೋನನ ಕೋಟಿಗೆ ಸಿಕ್ಕಿ ಪರ್ರನೆ ಹರಿದು ಜಾರಿತು. ಮೂರನೇ ಸಲ ಕೊಕ್ಕೆ ಸೊಂಟದ ಬೆಲ್ಟಿಗೆ ಬಿದ್ದು ಗಟ್ಟಿಯಾಗಿ ಕೂತಿತು. ಮೂವರೂ ಹಗ್ಗ ಹಿಡಿದು ಎಳೆದರು. ಸ್ತೆಫಾ ಎಳೆದದ್ದು ಒಂದೇ ಕೈಯಲ್ಲಿ. ಇನ್ನೊಂದು ಕೈ ಸೊಸೆಯ ಲಂಗವನ್ನು ಬಿಟ್ಟಿರಲಿಲ್ಲ.

ಲ್ಯಾವೋನ್ ಮಡಿಸಿದ ಚೀಲದ ಹಾಗೆ ಮೇಲೆ ಬಂದ. ತುಟಿ ನೀಲಿಗಟ್ಟಿತ್ತು. ಹುಲ್ಲಿನ ಮೇಲೆ ಮಲಗಿಸಿ ಕಾಜಿಕ್ ಅವನ ಬಾಯಿಗೆ ಬಾಯಿಟ್ಟು ಊದಿದ, ಯಾನಿನಾ ಕೆನ್ನೆಗೆ ಬಡಿದಳು, ಹೆಸರು ಹಿಡಿದು ಕರೆದಳು. ಎಷ್ಟು ಹೊತ್ತೋ ಯಾರಿಗೂ ತಿಳಿಯಲಿಲ್ಲ. ಆಮೇಲೆ ಅವನೊಮ್ಮೆ ಬಿಕ್ಕಿದ, ಕೆಮ್ಮಿದ, ಮಗ್ಗುಲಾಗಿ ವಾಂತಿ ಮಾಡಿಕೊಂಡ. ಕಾಜಿಕ್ ಆಂಬುಲೆನ್ಸಿಗೆ ಫೋನು ಮಾಡಲು ಮನೆಯ ಕಡೆ ಓಡಿದ.

ಯಾನಿನಾ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆಯನ್ನು ನೋಡಿದಳು. ಮಣಿಕಟ್ಟಿನಲ್ಲಿ ತನ್ನ ಹಲ್ಲಿನ ಗುರುತು ಕೆಂಪಗೆ ಕಾಣುತ್ತಿತ್ತು. ಅವಳಿಗೆ ನಾಚಿಕೆಯಾಯಿತು. ತಡೆದು ನನ್ನನ್ನೂ ಉಳಿಸಿದೆ, ನಾನೋ ಬಾಯಿಗೆ ಬಂದಂತೆ ಅಂದುಬಿಟ್ಟೆ ಎಂದು ತೊದಲಿದಳು. ಇನ್ನಾದರೂ ಲಂಗ ಬಿಡು ಅತ್ತೆ ಎಂದಳು.

ಸ್ತೆಫಾ ತನ್ನ ಮುಷ್ಟಿಯನ್ನೇ ನೋಡಿಕೊಂಡಳು. ಬೆರಳುಗಳು ಬಿಡಿಸಿಕೊಳ್ಳಲಿಲ್ಲ.

"ನಿನ್ನನ್ನ ತಡೆಯೋಕೆ ಹಿಡ್ಕೊಂಡಿದ್ದೆ ಅಂದ್ಕೊಂಡ್ಯಾ?" ಎಂದಳು. "ಬಿಟ್ಟಿದ್ರೆ ನಾನೇ ಇಳಿದುಬಿಡ್ತಿದ್ದೆ ಕಣೆ."