ಕನ್ನಡಿ ಪಕ್ಕದ ಮೊಳೆ

ರೊಟ್ಟಿ ಗಂಟು ಇನ್ನೂ ಬೆಚ್ಚಗಿದೆ, ಹುಚ್ಚೆಳ್ಳು ಚಟ್ನಿಯ ಘಮ, ರೈಲಿನ ಹೊಗೆ, ಬದನಗುಪ್ಪೆ ಆಗಲೇ ಹಿಂದಾಯಿತು — ಕಿಟಕಿಯಿಂದ ತಲೆ ಆಚೆ ಹಾಕ್ಬ್ಯಾಡ ಕಣಪ್ಪ, ಅದು ಅತ್ತೆ ಗುರುಸಿದ್ದಮ್ಮ ಹೇಳಿದ್ದು, ಮುಂದಿನ ಬೆಂಚಿನಲ್ಲೇ ಕೂರು, ಇಂಗ್ಲಿಷ್ ತಿಳಿಯದಿದ್ದರೆ ಕಿವಿಗೆ ಬಿದ್ದಷ್ಟು ಬರೆದುಕೊ, ಅದು ಗುಂಡ್ಲುಪೇಟೆಯ ನಮ್ಮ ಮೇಷ್ಟ್ರು ಗುರುಪಾದಸ್ವಾಮಿಗಳು, ಕಾಲೇಜಿಗೆ ಹೊರಟವನಿಗೆ ಬುದ್ಧಿ ಹೇಳದವರೇ ನಮ್ಮೂರು ಭೀಮನಬೀಡಿನಲ್ಲಿ ಇಲ್ಲ, ಮೈಸೂರು ಕಾಣದವರೂ ಹೇಳಿದರು, ಎಲ್ಲಕ್ಕೂ ಹೂಂ ಅಂದೆ, ಅಜ್ಜಿ ಮಾತ್ರ ಒಂದೇ ಒಂದು ಹೇಳಿದಳು, ನಿನ್ನೆ ರಾತ್ರಿ ನನ್ನ ಎದೆ ಮುಟ್ಟಿ ಹೇಳಿದಳು, ಏನ ಮರ್ತ್ರೂ ಇದ ಮೈಯಿಂದ ತಗೀಬ್ಯಾಡ ಕಣ್ ಮಗ — ತುತ್ತು ಮುರಿದೆ, ಕೈ ತಾನಾಗಿ ಎದೆಗೆ ಹೋಯಿತು, ಬುದ್ಧಿ ಬಂದಾಗಿನಿಂದ ಹಾಗೇ ಹೋಗುವ ಕೈ, ಲಿಂಗ ಮುಟ್ಟಿ ಆಮೇಲೆ ಬಾಯಿಗೆ — ಇಲ್ಲ. ಅಂಗಿ ಇದೆ. ಅಂಗಿಯೊಳಗೆ ಬರೀ ಎದೆ. ಶಿವದಾರ ಇಲ್ಲ, ಕರಡಿಗೆ ಇಲ್ಲ, ಲಿಂಗ ಇಲ್ಲ, ಅಯ್ಯೋ ಶಿವನೇ.

ಜೇಬು, ಪೆಟ್ಟಿಗೆ, ಸೀಟಿನ ಕೆಳಗೆ, ಎದುರಿಗೆ ಕೂತ ಮುದುಕ ಏನ್ ಕಳ್ಕಂಡ್ಯಪ್ಪ ಅನ್ನುತ್ತಾನೆ, ಏನೂ ಇಲ್ಲ ಅನ್ನುತ್ತೇನೆ — ಎಲ್ಲಿ ಬಿತ್ತು, ಬೀಳಲಿಲ್ಲ, ಗೊತ್ತಿದೆ ನನಗೆ, ಸುಳ್ಳು ಯಾಕೆ, ಬೆಳಿಗ್ಗೆ ಚಾಮರಾಜನಗರದ ಅತ್ತೆ ಮನೆಯಲ್ಲಿ ಕನ್ನಡಿ ಮುಂದೆ ನಿಂತಿದ್ದೆ, ಹೊಸ ಪಾಪ್ಲಿನ್ ಅಂಗಿ, ಎದೆ ಮೇಲೆ ಲಿಂಗದ ಕರಡಿಗೆಯ ಉಬ್ಬು, ಹೋದ ವರ್ಷ ಕಾಲೇಜು ಸೇರಿದ ನೀಲಕಂಠಸ್ವಾಮಿ ಹೇಳಿದ್ದನಲ್ಲ, ಅದ ಪೆಟ್ಟಿಗೇಲಿ ಮಡುಗು ಕಣ್ಲಾ, ಪ್ಯಾಟೆ ಹುಡುಗ್ರು ಮುಟ್ಟಿ ಮುಟ್ಟಿ ನಗ್ತಾರೆ — ಛೆ, ತೆಗೆದಿಡಬೇಕು ಅಂತಲ್ಲ, ಇಲ್ಲದಿದ್ದರೆ ಹೇಗೆ ಕಾಣುತ್ತೇನೆ ಅಂತ, ಒಂದೇ ಗಳಿಗೆ, ತಲೆ ಮೇಲಿಂದ ತೆಗೆದು ಕನ್ನಡಿ ಪಕ್ಕದ ಮೊಳೆಗೆ ಹಾಕಿದೆ, ಅಂಗಿ ಸಪಾಟಾಗಿ ಕೂತಿತು, ಚೆನ್ನಾಗಿ ಕಂಡೆ, ಥೂ ನನ್ನ ಜನ್ಮಕ್ಕೆ, ಚೆನ್ನಾಗಿ ಕಂಡೆನೆಂದು ನಕ್ಕೂಬಿಟ್ಟೆ, ಅಷ್ಟರಲ್ಲಿ ರೈಲು ಬಂದ್ಬುಡ್ತು ಬಿರ್ನೆ ನಡಿ ಅಂತ ಅತ್ತೆ ಕೂಗಿದಳು, ಓಡಿದೆ.

ಮುಂದೆ ಕವಲಂದೆ, ಇಳಿಯಲೇ, ಇಳಿದರೆ ಮೈಸೂರಿಗೆ ಮುಂದಿನ ರೈಲು ಸಂಜೆಗೆ, ಜೂನ್ ಇಪ್ಪತ್ತೈದು, ೧೯೫೬, ಇವತ್ತೇ, ಬೆಳಿಗ್ಗೆ ಹನ್ನೊಂದಕ್ಕೆ ಕಾಲೇಜಿನಲ್ಲಿ ಹೆಸರು ಕೂಗುತ್ತಾರೆ, ಬಾರದವನ ಸೀಟು ಇನ್ನೊಬ್ಬನಿಗೆ, ಕಾಗದದಲ್ಲಿ ಹಾಗೇ ಅಚ್ಚಾಗಿದೆ, ಇಳಿಯದಿದ್ದರೆ — ರೊಟ್ಟಿ ಕೈಯಲ್ಲೇ ಇದೆ, ಲಿಂಗ ಇಲ್ಲದ ಮೈಗೆ ಅನ್ನ ನೀರು ಇಲ್ಲ, ಅದೂ ಅಜ್ಜಿಯ ಮಾತೇ, ಕಳೆದುಹೋಯಿತು ಅಂತ ಬರೆದರೆ, ರೈಲಿನ ನೂಕಾಟದಲ್ಲಿ ದಾರ ಕಿತ್ತುಹೋಯಿತು ಅಂದರೆ, ಅಳುತ್ತಾಳೆ, ಮಠದಯ್ಯನವರನ್ನು ಕರೆಸಿ ಬೇರೆ ಕಟ್ಟಿಸುತ್ತಾಳೆ, ನಂಬುತ್ತಾಳೆ — ಆದರೆ ಅಜ್ಜಿ ಅತ್ತೆ ಮನೆಯಲ್ಲೇ ಇದ್ದಾಳೆ, ನನ್ನನ್ನು ಕಳಿಸಲೆಂದೇ ಊರಿಂದ ಬಂದವಳು, ಈಗ ಸ್ನಾನ ಮುಗಿಸಿರುತ್ತಾಳೆ, ವಿಭೂತಿ ಇಟ್ಟುಕೊಳ್ಳಲು ಆ ಕನ್ನಡಿ ಮುಂದೆಯೇ ನಿಲ್ಲಬೇಕು, ರೈಲು ನಿಧಾನವಾಗುತ್ತಿದೆ, ಯಾರೋ ಕವಲಂದೆ ಅನ್ನುತ್ತಾರೆ, ಕಾಲು ಏಳುತ್ತಿಲ್ಲ, ಮೊಳೆಯಲ್ಲಿ ದಾರ, ಅಜ್ಜಿಯೇ ಹೊಸೆದ ದಾರ, ಎಲ್ಲೂ ಕಿತ್ತಿಲ್ಲ, ಮೊಳೆಯಲ್ಲಿ ಇಡೀ ದಾರ