ಎದೆಮಟ್ಟದ ನೀರು

ಮೈಕು ಕೀಚ್ ಎಂದಿತು, ಪಕ್ಕದಲ್ಲಿ ಕೂತ ಗಂಡನ ಮೊಣಕಾಲು ಮುಂದಿನ ಕುರ್ಚಿಗೆ ಒತ್ತಿಕೊಂಡಿದೆ, ಇಷ್ಟುದ್ದದ ಮನುಷ್ಯನಿಗೆ ಯಾವ ಕುರ್ಚಿಯೂ ಸಾಲದು, ಬಾಡಿಗೆ ಮನೆಯ ಬಾಗಿಲಿಗೆ ಹಣೆ ಹೊಡೆಸಿಕೊಂಡ ದಿನ ಅವಳು ಹೊಟ್ಟೆ ಹಿಡಿದು ನಕ್ಕಿದ್ದಳು, ಆಗಿನ್ನೂ ಮನೆಯಲ್ಲಿ ನಗು ಇತ್ತು — ಅಧಿಕಾರಿ ಹಡಗಿನ ಚರಿತ್ರೆ ಓದುತ್ತಿದ್ದಾನೆ, ಎದುರಿಗೇ ನಿಂತಿದೆ ಅದು, ತುಕ್ಕಿನ ಮೇಲೆ ಬಣ್ಣ ಬಳಿಸಿಕೊಂಡು, ಮುಂಬಾಗಿಲು ಬಾಯಿ ತೆರೆದುಕೊಂಡು, ನಾಳೆ ಗುಜರಿಗೆ, ಸೈನಿಕರನ್ನು ದಡಕ್ಕೆ ಇಳಿಸುವುದೇ ಅದರ ಕಸುಬಾಗಿತ್ತು, ಮರಳಿಗೆ ಮೂತಿ ಊರುವುದು, ಬಾಗಿಲು ಇಳಿಸುವುದು, ಮೊದಲು ಒಬ್ಬ ನೀರಿಗಿಳಿದು ಆಳ ನೋಡುವುದು, ಎದೆಮಟ್ಟದ ತನಕ ಅಡ್ಡಿಯಿಲ್ಲ, ಅವನು ಕೈ ಎತ್ತಿದರೆ ಉಳಿದವರು ಇಳಿಯಬೇಕು, ಜೊತೆಯವರು ಗಂಡನನ್ನೇ ಮುಂದೆ ತಳ್ಳುತ್ತಿದ್ದರು, ಏ ಕಂಬ, ನೀನೇ ಹೋಗೋ, ನಿನ್ನ ಮುಳುಗಿಸೋ ನೀರು ಇನ್ನೂ ಹುಟ್ಟಿಲ್ಲ, ಪ್ರತಿ ಸಲವೂ ನಗುತ್ತಿದ್ದರಂತೆ — ಪ್ರವಾಹದಲ್ಲಿ ಜನರನ್ನು ಹೊತ್ತು ತಂದ ವರ್ಷ, ಚಪ್ಪಾಳೆ, ದ್ವೀಪಕ್ಕೆ ಔಷಧಿ ಒಯ್ದ ವರ್ಷ, ಚಪ್ಪಾಳೆ, ಮುಂದಿನದೇ ಆ ವರ್ಷ, ಮನೆಯಿಂದ ಹೊರಡುವಾಗಲೇ ಅವಳು ಹೇಳಿದ್ದಳು, ಹಳೇ ಗಾಯ ಕೆರೆಯೋದು ಯಾಕ್ರೀ, ಮನೇಲೇ ಇರೋಣ, ಇಲ್ಲ ಕಣೇ, ಸತ್ತೋರ ಸುದ್ದಿ ಒಂದ್ಸಲ ಆದ್ರೂ ಬಾಯ್ಬಿಟ್ಟು ಹೇಳ್ತಾರೇನೋ, ಅಷ್ಟು ಕೇಳಿಸಿಕೊಂಡ್ರೆ ಸಾಕು ನಂಗೆ — ತರಬೇತಿಯ ಆ ಬೆಳಿಗ್ಗೆ ಮೊದಲು ಅವನೇ ಇಳಿದ, ನೀರು ಎದೆಮಟ್ಟ, ತಿರುಗಿ ಕೈ ಎತ್ತಿದ, ಬನ್ನಿ, ಅವನ ಎದೆಮಟ್ಟವೆಂದರೆ ಉಳಿದವರಿಗೆ ಮೂಗಿನ ಮೇಲೆ ಎಂದು ಅವನಿಗೂ ಹೊಳೆಯಲಿಲ್ಲ, ಕಳಿಸಿದವರಿಗೂ ಹೊಳೆಯಲಿಲ್ಲ, ಬೆನ್ನಿಗೆ ಮಣಭಾರ ಬಿಗಿದುಕೊಂಡವರು ಒಬ್ಬರ ಹಿಂದೊಬ್ಬರು ದಡಬಡನೆ ಇಳಿದರು, ಆಮೇಲೆ ಕೈಗಳಷ್ಟೇ ಕಾಣ್ತಿದ್ವು ಕಣೇ — ಗೋಡೆಯ ಕಡೆ ಮುಖ ಮಾಡಿ ಒಂದೇ ಸಲ ಹೇಳಿದ್ದ, ಅಲ್ಲಿಂದೀಚೆಗೆ ಅವನು ಕೈ ಎತ್ತಿಲ್ಲ, ಅಟ್ಟದ ಮೇಲಿನ ಡಬ್ಬಕ್ಕೆ ಗಿಡ್ಡಿ ಅವಳೇ ಸ್ಟೂಲು ಹತ್ತಬೇಕು, ಬಸ್ಸು ನಿಲ್ಲಿಸುವುದೂ ಅವಳೇ — ಅಧಿಕಾರಿ ಪುಟ ತಿರುಗಿಸಿದ, ಆ ವರ್ಷ ಯಶಸ್ವಿ ತರಬೇತಿ, ಚಪ್ಪಾಳೆ, ಅಷ್ಟೇ, ಅಷ್ಟೇನಾ, ಅವಳಿಗೆ ಮೈಯೆಲ್ಲ ಉರಿದುಹೋಯಿತು, ಗಂಡನ ಮುಖ ನೋಡಲು ಧೈರ್ಯವಿಲ್ಲ, ಮೊಣಕಾಲು ಮುಂದಿನ ಕುರ್ಚಿಯನ್ನು ತಳ್ಳುತ್ತಿರುವುದು ಮಾತ್ರ ಕಾಣುತ್ತಿದೆ, ಅಧಿಕಾರಿ ನಗುತ್ತ, ಈ ಹಡಗಲ್ಲಿ ದುಡಿದವರೆಲ್ಲ ಕೈ ಎತ್ತಿ ನೋಡೋಣ, ಎತ್ತಿದರು, ಮುಂದಿನ ಸಾಲು, ಹಿಂದಿನ ಸಾಲು, ಎಲ್ಲಿ ನೋಡಿದರೂ ಕೈ, ರೀ, ಏಳಬೇಡಿ, ಕೂತ್ಕೊಳ್ಳಿ, ಅವನು ಎದ್ದುಬಿಟ್ಟ, ಬೇಡ್ರೋ, ಬರಬೇಡ್ರೋ, ಎಲ್ಲರೂ ತಿರುಗಿ ನೋಡಿದರು, ಎತ್ತಿದ ಕೈ ಇಳಿಸಲು ಮರೆತೇಬಿಟ್ಟರು, ಸುತ್ತಲೂ ಕೈಗಳು, ಸರಿಯಾಗಿ ಅವನ ಎದೆಮಟ್ಟಕ್ಕೆ, ಬೆರಳು ಬಿಡಿಸಿದ ಕೈಗಳು, ಕೈಗಳಷ್ಟೇ —