ಐವತ್ತಮೂರು ಹಲ್ಲಿನ ಗೇರು

ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಕಾನೂನಿತ್ತು. ಲೋಹದ ಬಿಲ್ಲೆಯ ಅಂಚಿಗೆ ಹಲ್ಲು ಕೊರೆದು ಗೇರು ಕಡೆಯಲು ಶುರು ಮಾಡಿದ ಮೇಲೆ, ಮುಗಿಯುವವರೆಗೆ ಅಂಕಿ ಬಿಟ್ಟು ಬೇರೆ ಮಾತಿಲ್ಲ. ಮನೆಗೆ ಬೆಂಕಿ ಬಿದ್ದರೂ ಮೊದಲು ಯಂತ್ರದ ಹ್ಯಾಂಡಲ್ಲಿನ ಪಿನ್ನು ತೂತಿಗೆ ಬೀಳಬೇಕು, ಆಮೇಲೆ ಬಾಯಿ ಬಿಡಬೇಕು. ಈ ಕಾನೂನು ಮಾಡಿದವನು ಅಣ್ಣ. ಕೋಪ ಸದಾ ಮೂಗಿನ ತುದಿಯಲ್ಲೇ. ಆದರೆ ಅವನ ಗೇರು ಕಿರ್ ಅಂದದ್ದನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ.

ಅವತ್ತು ಹ್ಯಾಂಡಲ್ ತಿರುಗಿಸುತ್ತಿದ್ದವಳು ತಂಗಿ. ವರ್ಷಗಟ್ಟಲೆ ಗೋಗರೆದು ಗಿಟ್ಟಿಸಿದ ಜಾಗ ಅದು. ಗೇರು ಬೇಕಾಗಿದ್ದುದೂ ಅವಳ ಗಂಡನಿಗೇ. ಎತ್ತರದ ಚಿಮಣಿಗೆ, ನೀರಿನ ಟ್ಯಾಂಕಿಗೆ ತೂಗುವ ಹಲಗೆಯ ಮೇಲೆ ಕೂತು ಬಣ್ಣ ಬಳಿಯುವವನು ಅವನು. ಊರೆಲ್ಲ ಅವನನ್ನು ಗಾಳಿಪಟ ಅಂತಲೇ ಕರೆಯುವುದು. ಹಲಗೆಯನ್ನು ಏರಿಸಿ ಇಳಿಸುವ ಹಳೇ ರಾಟೆಯ ಗೇರು ಮುರಿದಿತ್ತು. ಆ ರಾಟೆ ಮಾಡಿದ ಕಾರ್ಖಾನೆ ಮುಚ್ಚಿ ಯಾವ ಕಾಲವಾಯಿತೋ. ಎಣಿಸಿ ನೋಡಿದರೆ ಐವತ್ತಮೂರು ಹಲ್ಲು.

"ಯಾವ ಪುಣ್ಯಾತ್ಮ ಮಾಡಿದ್ನೋ! ಐವತ್ತು ಅಂತ ಮಾಡಿದ್ರೆ ಅವನ ಗಂಟೇನು ಹೋಗ್ತಿತ್ತು?" ಎಂದು ಅಣ್ಣ ಬೈದಿದ್ದ.

ಬೈಯದೆ ಇನ್ನೇನು? ಬಿಲ್ಲೆಯನ್ನು ಹಿಡಿದುಕೊಂಡು ಸಮಪಾಲಾಗಿ ತಿರುಗಿಸುವ ಡಿವೈಡಿಂಗ್ ಹೆಡ್ಡಿಗೆ ತೂತಿನ ತಟ್ಟೆಯೊಂದು ಬೇಕು. ಹ್ಯಾಂಡಲ್ಲಿನ ಪಿನ್ನು ಕೂರುವುದು ಆ ತೂತುಗಳಲ್ಲಿ. ಐವತ್ತಮೂರು ಹಲ್ಲಿಗೆ ಐವತ್ತಮೂರೇ ತೂತಿನ ಸುತ್ತು ಬೇಕು, ಅದು ಅಣ್ಣನ ಯಾವ ತಟ್ಟೆಯಲ್ಲೂ ಇರಲಿಲ್ಲ. ಕೊನೆಗೆ ಕಾಗದದ ಪಟ್ಟಿಯನ್ನು ಅಷ್ಟು ಭಾಗ ಮಾಡಿ, ದುಂಡು ತಗಡಿಗೆ ಸುತ್ತಿ, ಗುರುತು ಹೊಡೆದು, ತಾನೇ ತೂತು ಕೊರೆದ. ಒಂದೊಂದು ಹಲ್ಲಿಗೆ ಪಿನ್ನು ನಲವತ್ತು ತೂತು ಮುಂದೆ ಹೋಗಬೇಕು; ಹ್ಯಾಂಡಲ್ ನಲವತ್ತು ಸುತ್ತಿದರೆ ಬಿಲ್ಲೆ ಸುತ್ತುವುದು ಒಂದೇ ಸುತ್ತು. ಹಾಗಾಗಿ ತಟ್ಟೆಯಲ್ಲಿ ಕೂದಲೆಳೆ ಹೆಚ್ಚುಕಮ್ಮಿಯಾದರೂ ಗೇರಿನಲ್ಲಿ ಅದು ಲೆಕ್ಕಕ್ಕಿಲ್ಲ. ಮೊದಲ ತೂತಿಗೆ ಕೆಂಪು ಬಣ್ಣ ಹಚ್ಚಿದ. ಎಲ್ಲ ಹಲ್ಲು ಮುಗಿದ ಮೇಲೆ ಪಿನ್ನು ಕೆಂಪು ತೂತಿಗೇ ಬಂದು ಬಿದ್ದರೆ ಲೆಕ್ಕ ಕೂಡಿತು ಅಂತ ಅರ್ಥ.

"ಇನ್ನೊಂದು ಮಾತು ಕೇಳಿಸ್ಕೋ. ಹೆಡ್ಡು ಹಳೇದು, ಒಳಗೆ ಸಡಿಲ ಇದೆ. ತೂತು ದಾಟಿ ಹೋದ್ರೆ ಹಾಗೇ ಹಿಂದಕ್ಕೆ ತಂದು ಪಿನ್ ಹಾಕ್ಬೇಡ. ಹ್ಯಾಂಡಲ್ ಹಿಂದೆ ಬರುತ್ತೆ, ಬಿಲ್ಲೆ ಬರಲ್ಲ. ಅರ್ಧ ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬಾ. ಇಲ್ಲಾಂದ್ರೆ ಒಂದು ಹಲ್ಲು ದಪ್ಪ, ಪಕ್ಕದ್ದು ಸಣಕಲು. ಬಿಲ್ಲೆ ಇರೋದು ಇದೊಂದೇ."

"ಗೊತ್ತು ಅಣ್ಣಾ. ಎಷ್ಟು ಸಲ ಹೇಳ್ತೀಯ?"

ಅರ್ಧಕ್ಕಿಂತ ಹೆಚ್ಚು ಹಲ್ಲು ಸುಸೂತ್ರವಾಗಿ ಆಯಿತು. ಅವಳು ತಿರುಗಿಸಿ ಅಂಕಿ ಕೂಗುವಳು, ಅಣ್ಣ ಅದನ್ನೇ ಮರುಕೂಗಿ ಕಟರ್ ಹರಿಸುವನು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು.

"ಏನೇ, ಇನ್ನೂ ತಿರುಗಿಸ್ತಾನೇ ಇದ್ದೀಯಾ? ಇಷ್ಟು ಹೊತ್ತು ರಾಗಿ ಬೀಸಿದ್ರೆ ಮದುವೆ ಮನೆಗೆ ಹಿಟ್ಟಾಗ್ತಿತ್ತು!" ಗಾಳಿಪಟ ನಗುತ್ತಾ ನಿಂತಿದ್ದ.

ಅವಳಿಗೂ ಕಿಸಕ್ಕನೆ ನಗು ಬಂತು. ಅಣ್ಣ ಕಣ್ಣು ಕೆಕ್ಕರಿಸಿದ, ಬಾಗಿಲು ಮುಚ್ಚಿತು. ಅವಳು ಅಂಕಿ ಕೂಗಿದಳು, ಕಟರ್ ಹರಿಯಿತು.

ನಾಲ್ಕೈದು ಹಲ್ಲು ದಾಟಿದ ಮೇಲೆ ಅವಳಿಗೆ ಥಟ್ಟನೆ ಹೊಳೆಯಿತು. ನಕ್ಕಾಗ ಕೈ ತೂತು ದಾಟಿ ಹೋಗಿತ್ತಲ್ಲ! ಹಿಂದಕ್ಕೆ ತಂದದ್ದು ನೆನಪಿದೆ. ಅರ್ಧ ಸುತ್ತು ಹಿಂದೆ ಹೋಗಿ ಬಂದೆನಾ, ಅಲ್ಲೇ ಪಿನ್ ಹಾಕಿಬಿಟ್ಟೆನಾ? ಎಷ್ಟು ಕೆದಕಿದರೂ ನೆನಪಾಗಲೊಲ್ಲದು. ಬಾಯಿ ಬಿಡೋಣವೆಂದರೆ ಕಾನೂನು. ಬಿಟ್ಟರೆ ಈ ಜಾಗ ಮತ್ತೆ ಸಿಕ್ಕೀತೇ? ಇರಲಿ, ತಪ್ಪಿದ್ದರೆ ಕೆಂಪು ತೂತು ಹೇಳುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಕೊನೆಯ ಹಲ್ಲು ಮುಗಿಯಿತು. ಉಸಿರು ಬಿಗಿಹಿಡಿದು ಇನ್ನೊಮ್ಮೆ ತಿರುಗಿಸಿದಳು. ಪಿನ್ನು ಟಕ್ಕೆಂದು ಕೆಂಪು ತೂತಿನೊಳಗೆ ಕೂತಿತು.

"ಭೇಷ್!" ಎಂದ ಅಣ್ಣ. ಆ ಮಾತನ್ನು ಅವನ ಬಾಯಿಂದ ಅವಳು ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು.

ಗಾಳಿಪಟ ಗೇರನ್ನು ಚಿಂದಿ ಬಟ್ಟೆಯಲ್ಲಿ ಸುತ್ತಿಕೊಂಡು ಓಡಿದ. ರಸ್ತೆಯಲ್ಲಿ ರಾಟೆ ಹೊತ್ತ ಲಾರಿ ಆಗಲೇ ಹಾರನ್ ಹೊಡೆಯುತ್ತಿತ್ತು. ಗೇರು ಕೂರಿಸಿ ಸಂಜೆಯೊಳಗೆ ಟ್ಯಾಂಕು ಹತ್ತಬೇಕು. ಅವಳು ಹೆಡ್ಡಿನ ಮೇಲಿನ ಲೋಹದ ಪುಡಿ ಒರೆಸುತ್ತಾ ಹ್ಯಾಂಡಲ್ಲನ್ನು ಸುಮ್ಮನೆ ಅತ್ತಿತ್ತ ಅಲ್ಲಾಡಿಸಿದಳು. ಹ್ಯಾಂಡಲ್ ಮೂರು ನಾಲ್ಕು ತೂತಿನಷ್ಟು ಹಿಂದೆ ಬಂತು. ಬಿಲ್ಲೆ ಕೂರುವ ಜಾಗ ಮಾತ್ರ ಅಲುಗಲಿಲ್ಲ.

ಅಯ್ಯೋ! ಕೆಂಪು ತೂತಿಗೆ ಗೊತ್ತಿರುವುದು ತೂತಿನ ಲೆಕ್ಕ. ಸಡಿಲದ ಲೆಕ್ಕ ಅದಕ್ಕೇನು ಗೊತ್ತು? ಮೇಜಿನ ಮೇಲಿದ್ದ, ದಪ್ಪ ಅಳೆಯುವ ವರ್ನಿಯರ್ ಕಿತ್ತುಕೊಂಡು ಓಡಿದಳು. ಏನೆಂದು ತಿಳಿಯದೆ ಅಣ್ಣನೂ ಹಿಂದೆಯೇ ಬಂದ.

"ರೀ, ಗೇರು ಕೊಡಿ! ನನ್ನ ಕೈ ತಪ್ಪಿದೆ ಅನ್ಸುತ್ತೆ. ಒಂದು ಹಲ್ಲು ಸಣಕಲಿರಬಹುದು."

"ಕೂಡಿತಲ್ಲೇ! ನಿಂಗೆಲ್ಲೋ ಭ್ರಮೆ," ಎಂದ ಅಣ್ಣ. ಅವನ ಮುಖ ಕೆಂಪಾಯಿತು.

"ಒಂದು ಸಣಕಲಾದ್ರೆ ಏನೀಗ? ನನ್ನ ಬಾಯಲ್ಲಿ ಎರಡು ಹಲ್ಲೇ ಇಲ್ಲ, ಊಟ ಮಾಡ್ತಿಲ್ವಾ?" ಎಂದ ಗಂಡ. ಡ್ರೈವರ್ ಹೋ ಎಂದು ನಕ್ಕ.

"ಬಾಯಿಯ ಹಲ್ಲಿಗೆ ನೀವು ನೇತಾಡಲ್ಲ ಕಣ್ರೀ!" ಅವಳು ಅರಚಿದಳು. ನಗು ನಿಂತಿತು.

ಗೇರು ಕಸಿದು ಲಾರಿಯ ಮೆಟ್ಟಿಲ ಮೇಲಿಟ್ಟಳು. ಒಂದು ಹಲ್ಲಿಗೆ ವರ್ನಿಯರಿನ ಬಾಯಿ ಹೊಂದಿಸಿ, ತಿರುಪು ಬಿಗಿದಳು. ಹಲ್ಲು ಸರಿಯಿದ್ದರೆ ಆ ಬಾಯಿ ಹಲ್ಲಿನ ನಡುವಿಗೆ ಇಳಿದು ನಿಲ್ಲಬೇಕು. ಮುಂದಿನ ಹಲ್ಲು, ನಡುವಿಗೆ ನಿಂತಿತು. ಅದರ ಮುಂದಿನದೂ ಹಾಗೇ. ಒಂದೊಂದಾಗಿ ಮುಂದೆ ಹೋದಳು, ಎಲ್ಲವೂ ಮುತ್ತು ಪೋಣಿಸಿದಂತೆ ಒಂದೇ ಸಮ. ಡ್ರೈವರ್ ಮತ್ತೆ ಹಾರನ್ ಒತ್ತಿದ.

"ಸಾಕು ಬಿಡೇ, ಮಾನ ಕಳೀಬೇಡ," ಎಂದು ಗಂಡ ಅವಳ ರಟ್ಟೆ ಹಿಡಿದ. ಅವಳು ಕೊಡವಿಕೊಂಡಳು. ತನ್ನದು ಭ್ರಮೆಯೇ ಆಗಿರಲಿ, ನಾಲ್ಕು ಜನ ನಗಲಿ, ದೇವರೇ! ಸಾಲು ಮುಗಿಯುತ್ತಾ ಬಂತು.

ವರ್ನಿಯರ್ ಒಂದು ಹಲ್ಲಿನ ತುದಿಯಲ್ಲೇ ತಡೆಯಿತು. ಒಳಗೆ ಹೋಗಲೇ ಇಲ್ಲ. ಅವಳು ಅದನ್ನು ಪಕ್ಕದ ಹಲ್ಲಿಗೆ ಇಟ್ಟಳು. ಅದು ಲಟಕ್ಕನೆ ಬುಡದವರೆಗೆ ಇಳಿದು, ಅಲ್ಲೇ ಗಲಗಲ ಅಲುಗಾಡಿತು.

ಅಣ್ಣ ಬಗ್ಗಿ ನೋಡಿದ. ಬೈಗುಳಕ್ಕೆ ಅವಳು ಕಾದಳು, ಬರಲಿಲ್ಲ. ಅವನು ವರ್ನಿಯರನ್ನು ತಾನೇ ತೆಗೆದುಕೊಂಡು ಇನ್ನೊಮ್ಮೆ ಇಟ್ಟ, ಮತ್ತೊಮ್ಮೆ ಇಟ್ಟ.

"ನಾನು ಭೇಷ್ ಅಂದೆ," ಎಂದ ತಗ್ಗಿದ ದನಿಯಲ್ಲಿ. "ಇದನ್ನ ನೋಡದೇನೇ ಭೇಷ್ ಅಂದೆ."

ಗಾಳಿಪಟ ಆ ಸಣಕಲು ಹಲ್ಲನ್ನು ಹೆಬ್ಬೆರಳಿನಿಂದ ಮುಟ್ಟಿದ. ತಲೆಯೆತ್ತಿ ಊರಾಚೆ ಕಾಣುತ್ತಿದ್ದ ಟ್ಯಾಂಕಿನ ನೆತ್ತಿ ನೋಡಿದ. ಕೊನೆಗೆ ಡ್ರೈವರಿಗೆ, "ಇವತ್ತು ಆಗಲ್ಲ, ನೀನು ಹೋಗು," ಎಂದ.

ಲಾರಿ ಹೋದ ಮೇಲೆ ಹೆಂಡತಿಯ ಕಡೆ ತಿರುಗಿದ. "ನಾನು ಬಾಗಿಲಲ್ಲಿ ನಿಂತು ಮಾತಾಡಿಸ್ದೆನಲ್ಲ, ಕೈ ತಪ್ಪಿದ್ದು ಆಗಲೇನಾ?"

ಅವಳು ಹೂಂ ಎಂದಳು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು.

ಹೊಸ ಬಿಲ್ಲೆ ಬಂದ ದಿನ ಅಣ್ಣ ಹ್ಯಾಂಡಲ್ಲನ್ನು ತಂಗಿಯ ಕೈಗೇ ಕೊಟ್ಟ. ಶೆಡ್ಡಿನ ಹೊರಗೆ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಗಾಳಿಪಟ ಕೂತಿದ್ದ. ಯಾರೋ ಪರಿಚಯದವರು ಗೇಟಿನ ಬಳಿ ಬಂದು ಅವನ ಅಡ್ಡಹೆಸರು ಹಿಡಿದು ಕೂಗಿದರು. ಅವನು ತುಟಿಯ ಮೇಲೆ ಬೆರಳಿಟ್ಟು, ಒಳಗಿನಿಂದ ಬರುತ್ತಿದ್ದ ಹೆಂಡತಿಯ ಎಣಿಕೆಯನ್ನು ಕೇಳುತ್ತಾ ಕೂತ.